ಬೋರಕ್ಕನ ಐದು ಸೆಲ್ಲಿನ ಬ್ಯಾಟರಿ

ನಮ್ಮ ದೊಡ್ಡವ್ವ ಬೋರಕ್ಕನ ಎದುರಿಗೆ ಯಾವ ಸಾಮಾನನ್ನೂ ಕೆಟ್ಟುಹೋಗಿದೆ ಎಂದು ಹೇಳಬಾರದು. ಹೇಳಿದರೆ ಅದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಕಿತ್ತುಕೊಂಡು, ಗೋಣಿಚೀಲ ಹಾಸಿ, ಅದರ ಮೇಲೆ ಬಿಚ್ಚಿ ಹರಡಿ, "ಇದು ಕೆಟ್ಟಿಲ್ಲ, ನೀವು ಕೆಡಿಸೀರಿ" ಎಂದು ಮೊದಲು ನಿಮಗೆ ಬೈಯುತ್ತಾಳೆ. ಆಮೇಲೆ ಸರಿ ಮಾಡಿಕೊಡುತ್ತಾಳೆ. ಕೂಲಿ ಎಷ್ಟು ಎಂದು ಕೇಳಿದರೆ ಇನ್ನೊಂದು ಸಲ ಬೈಯುತ್ತಾಳೆ. ದೊಡ್ಡಉಳ್ಳಾರ್ತಿಯಲ್ಲಿ ಅವಳಿಂದ ಬೈಸಿಕೊಳ್ಳದ ಗಂಡಸು ಇದ್ದರೆ ಅವನು ಊರಿಗೆ ಹೊಸಬ ಎಂದೇ ಲೆಕ್ಕ.

ಅವಳ ಕೈಗೆ ಹೆಚ್ಚಾಗಿ ಬರುವುದು ಬ್ಯಾಟರಿ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಅದರ ಒಳಗೆ ಹಾಕುವುದು ಸೆಲ್ಲು. ಶೇಂಗಾ ಹೊಲಕ್ಕೆ ಹಂದಿ ನುಗ್ಗುವ ಊರಿನಲ್ಲಿ ಬ್ಯಾಟರಿ ಇಲ್ಲದೆ ಯಾರೂ ಸಂಜೆಯ ಮೇಲೆ ಬದುವಿಗೆ ಕಾಲಿಡುವುದಿಲ್ಲ. ಅದು ಕೆಟ್ಟರೆ ನಮ್ಮ ಗಂಡಸರಿಗೆ ಗೊತ್ತಿರುವುದು ಒಂದೇ ರಿಪೇರಿ, ಅಂಗೈ ಮೇಲೆ ಬಡಿಯುವುದು. ದೊಡ್ಡವ್ವ ಮದುವೆಯಾಗಿ ಬಂದ ವರ್ಷ ಅವಳ ಗಂಡ ಕೆಂಚಣ್ಣ ಹಾಗೆ ಬಡಿಯುತ್ತ ಕೂತಿದ್ದನಂತೆ. ಇವಳು ಕಿತ್ತುಕೊಂಡು ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗಿಗೆ ಹಿಡಿದಿದ್ದ ತುಕ್ಕನ್ನು ತಲೆಯ ಪಿನ್ನಿನಿಂದ ಕೆರೆದಳಂತೆ, ಬೆಳಕು ಬಂತಂತೆ. ಅವತ್ತಿನಿಂದ ನಮ್ಮ ದೊಡ್ಡಪ್ಪ ಯಾವುದಕ್ಕೂ ಅವಳಿಗೆ ಎದುರಾಡಿಲ್ಲ.

ನಾನು ಮಾರುತೇಶ, ಅವಳ ತಂಗಿಯ ಮಗ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ದೂರುತ್ತಾರೆ. ಅದು ದೊಡ್ಡವ್ವನ ಕಡೆಯಿಂದ ಬಂದದ್ದು, ನಾನೇನು ಮಾಡಲಿ? ಸಂತೆಗೆ ಬಂದಾಗಲೆಲ್ಲ ಅವಳು ನನ್ನ ಸ್ಟೂಲಿನ ಮೇಲೆ ಕೂತು ನಾನು ಸೋಲ್ಡರ್ ಹಾಕುವುದನ್ನು ನೋಡುತ್ತಿದ್ದಳು. ಸ್ವಲ್ಪ ದಿನ ಸುಮ್ಮನೆ ನೋಡಿದಳು. ಆಮೇಲೆ ಒಂದು ದಿನ, ಗಿರಾಕಿಗಳ ಎದುರಿಗೇ, "ಏನ್ಲಾ ಇದು, ಸಗಣಿ ಮೆತ್ತಿದಂಗೆ ಮೆತ್ತೀಯ" ಎಂದು ಕೈಯಿಂದ ಕಿತ್ತುಕೊಂಡು ತಾನೇ ಹಾಕಿದಳು. ನನಗಿಂತ ಚೆನ್ನಾಗಿಯೇ ಹಾಕಿದಳು. ಹೊಟ್ಟೆ ಉರಿಯಿತು, ಆದರೂ ಹೇಳುತ್ತಿದ್ದೇನೆ.

ಇಂಥ ಹೆಂಗಸಿಗೆ ಜಗತ್ತಿನಲ್ಲಿ ಒಬ್ಬನ ಎದುರಿಗೆ ಮಾತ್ರ ದನಿ ಇಳಿಯುತ್ತಿತ್ತು. ಅವಳ ಅಣ್ಣ, ನನ್ನ ಮಾವ ಬೊಮ್ಮಲಿಂಗಪ್ಪ. ಮಾವ ಮೊಳಕಾಲ್ಮೂರಿನ ಕಡೆಯ ನಮ್ಮ ಹಟ್ಟಿಯ ದೇವರ ದನಗಳ ಕಿಲಾರಿ. ದೇವರಿಗೆ ಬಿಟ್ಟ ಎತ್ತು, ಹಸು, ಕರುಗಳ ಮಂದೆ ಅದು. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಮೇಯಿಸಿ ಕಾಯುವವನೇ ಕಿಲಾರಿ, ಹಟ್ಟಿ ಅವನ ಕೈಗೆ ಕೊಟ್ಟ ಕೋಲೇ ಅವನ ಅಧಿಕಾರ. ಮಾವ ಮೀಸೆ ಚಿಗುರುವ ಮೊದಲೇ ಆ ಕೋಲು ಹಿಡಿದವನು. ಮದುವೆಯಾಗಲಿಲ್ಲ, ಹೊಲ ಮಾಡಲಿಲ್ಲ. ದೊಡ್ಡಉಳ್ಳಾರ್ತಿಯ ಕಾವಲಿನ, ಎಂದರೆ ದನ ಮೇಯುವ ಬಯಲಿನ, ಅಂಚಿನಲ್ಲಿ ಮುಳ್ಳುಬೇಲಿ ಹಾಕಿದ ದನಗಳ ಗೂಡು, ಅದರ ಬಾಗಿಲಲ್ಲಿ ಒಂದು ಗುಡಿಸಲು, ಅದೇ ಅವನ ಸಂಸಾರ. ನಮ್ಮ ಹಟ್ಟಿಯ ಕಟ್ಟಲೆಯಂತೆ ಹೆಂಗಸರು ಗೂಡಿನೊಳಗೆ ಕಾಲಿಡುವಂತಿಲ್ಲ. ದೊಡ್ಡವ್ವ ದಿನಾ ಬೆಳಗ್ಗೆ ಮುದ್ದೆ, ಸಾರು ಕಟ್ಟಿಕೊಂಡು ಹೋಗಿ ಬೇಲಿಯ ಹೊರಗೆ ನಿಂತು ಅಣ್ಣನಿಗೆ ಊಟ ಕೊಟ್ಟು ಬರುತ್ತಿದ್ದಳು.

ಕಾವಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡು ಎದ್ದ ಮೇಲೆ ಮಂದೆ ಗೋಡೆಯ ಗುಂಟ ಸುತ್ತು ಹಾಕಿ ಬರಬೇಕಾಯಿತು. ಗೂಡು ಸೇರುವ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ಒಂದು ಸಂಜೆ ಒಂದು ಹಸು ಬೇಲಿಯ ಹೊರಗೇ ಉಳಿಯಿತು, ಮಾವನಿಗೆ ಗೊತ್ತೇ ಆಗಲಿಲ್ಲ. ಬೆಳಗ್ಗೆ ತೊಡೆ ಹರಿದುಕೊಂಡು ಸಿಕ್ಕಿತು, ತೋಳದ ಕೆಲಸ. ಹಸು ಬದುಕಿತು. ಆದರೆ ಹಟ್ಟಿಯ ಹಿರಿಯ ಯತ್ತಪ್ಪಜ್ಜ ಮಾರನೆಯ ದಿನವೇ ಬಂದು ಕೂತ.

"ಬೊಮ್ಮಲಿಂಗ, ಮಬ್ಬುಗತ್ತಲಾಗೆ ನಿಂಗೆ ಕಾಣ್ತೈತಾ? ನಿಜ ಹೇಳು."

"ಕಣ್ಣು ನೆಟ್ಟಗೈತೆ ಯತ್ತಣ್ಣ. ಬ್ಯಾಟರಿ ಮಂಕಾಗೈತೆ, ಅಷ್ಟೇ."

"ನೀನು ಹೇಳಿದ್ದೇ ನಿಜ ಅಂತ ಇಟ್ಕಳಾನ. ಆದ್ರೆ ದೇವರ ದನ ಕಣಪ್ಪಾ. ಇನ್ನೊಂದು ಸಲ ಹಿಂಗಾದ್ರೆ ಕೋಲು ಬೇರೆಯೋರ ಕೈಗೆ ಕೊಡಾಕೇ ಬೇಕಾಗ್ತೈತೆ."

ಯತ್ತಪ್ಪಜ್ಜ ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಕೋಲು ಹೋದರೆ ಮಾವನಿಗೆ ಉಳಿಯುವುದೇನು? ತಂಗಿಯ ಮನೆಯ ಜಗಲಿ ಮೇಲೆ ಕೂತು ಹೋಗಿಬರುವ ಬಸ್ಸು ನೋಡುವುದು. ದೊಡ್ಡವ್ವ ಅವತ್ತು ಸಂಜೆಯೇ ಚಳ್ಳಕೆರೆಗೆ ಬಂದು ಆ ಬ್ಯಾಟರಿಯನ್ನು ನನ್ನ ಮೇಜಿನ ಮೇಲೆ ಇಟ್ಟಳು.

ಅದು ನಮ್ಮ ಅಜ್ಜನ ಕಾಲದ್ದು. ಐದು ಸೆಲ್ಲಿನದು, ಮೊಳದುದ್ದ, ಸ್ಟೀಲಿನ ಮೈ, ಊಟದ ಬಟ್ಟಲಿನಷ್ಟು ಅಗಲದ ಮುಖ. ಒಳಗೆ ಕಡಲೆಕಾಳಿನಷ್ಟು ಒಂದು ಬಲ್ಬು, ಅದರಿಂದ ಕೆಮ್ಮಣ್ಣಿನ ನೀರಿನಂಥ ಬೆಳಕು. ಹೊಸ ಬ್ಯಾಟರಿಯೇ ಕೊಡುತ್ತೇನೆ, ಇದನ್ನು ಗುಜರಿಗೆ ಹಾಕು ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

"ಅಣ್ಣನ ಕೈಗೆ ಈ ಮೈ ಪಳಗೈತೆ. ಮೈ ಇದೇ ಇರ್ಲಿ, ಒಳಗಿಂದೆಲ್ಲಾ ನಾನು ಬದಲಾಯಿಸ್ತೀನಿ. ನಿನ್ನ ಅಂಗಡೀಲಿ ಏನೇನೈತೆ ತಗಿ."

ತೆಗೆದೆ. ಉಗುರಿನಷ್ಟು ಅಗಲದ ಜೋರು ಎಲ್‌ಇಡಿ, ಗುಜರಿಗೆ ಬಂದಿದ್ದ ಕರೆಂಟು ಸ್ಕೂಟರಿನ ಸೆಲ್ಲುಗಳು, ಅವು ಸುಟ್ಟುಹೋಗದಂತೆ ಕರೆಂಟನ್ನು ಹಿಡಿದು ಬಿಡುವ ಒಂದು ಸಣ್ಣ ಬೋರ್ಡು. ಸ್ಕೂಟರಿನ ಸೆಲ್ಲು ಹಳೆಯ ಸೆಲ್ಲಿಗಿಂತ ಸಣ್ಣ, ಕೊಳವೆಯಲ್ಲಿ ಲೊಡಲೊಡ ಎನ್ನುತ್ತಿತ್ತು. ದೊಡ್ಡವ್ವ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ ಬಿಗಿ ಮಾಡಿದಳು. ಮೊದಲ ಸಲ ಹಚ್ಚಿದಾಗ ಅಂಗಡಿಯೆಲ್ಲ ಹಾಲಿನಂಥ ಬೆಳಕು. ಎದುರಿನ ಚಹಾದಂಗಡಿಯವನು ಏನೋ ಸಿಡಿಯಿತೆಂದು ಎದ್ದು ನಿಂತ. ನಾವು ನಗುತ್ತಿರುವಾಗಲೇ ಕಮಟು ವಾಸನೆ ಬಂತು, ಎಲ್‌ಇಡಿ ಕಾದು ಸತ್ತುಹೋಯಿತು.

"ಕಾವು ಹೋಗಾಕೆ ದಾರಿ ಬೇಕು" ಎಂದಳು. ಹಳೆಯ ಬೈಕಿನ ಎಂಜಿನ್ನಿನ ಒಂದು ಅಲ್ಯೂಮಿನಿಯಂ ತುಂಡು ಹಿಡಿದು ಲೇತ್ ಅಂಗಡಿಗೆ ಹೋದಳು, ಕೊಳವೆಗೆ ಸರಿಯಾಗಿ ಕೂರುವ ಬಿಲ್ಲೆಯಾಗಿ ತಿರುವಿಸಿದಳು. ಎಲ್‌ಇಡಿಯನ್ನು ಅದರ ಮೇಲೆ ಕೂರಿಸಿದ ಮೇಲೆ ಕಾವು ಸ್ಟೀಲಿನ ಮೈಗೆ ಹರಡಿ ಆರಿಹೋಗತೊಡಗಿತು. ಆಮೇಲೆ ಸ್ವಿಚ್ಚು ಕರಗಿತು. ಬೈಕಿನ ಹಾರನ್ ಬಟನ್ನು ಹಾಕಿದಳು. ಮುಂದಿನ ಪ್ಲಾಸ್ಟಿಕ್ ಗ್ಲಾಸು ಬಾಗಿತು. ಫೋಟೋಕ್ಕೆ ಕಟ್ಟು ಹಾಕುವವನ ಹತ್ತಿರ ಗಾಜು ಕತ್ತರಿಸಿ ತಂದಳು. ಕೊನೆಗೆ ಬೆಳಕಿನ ನಡುವೆ ಒಂದು ಕಪ್ಪು ತೂತು ಉಳಿದಿತ್ತು. ನಾನು ಸಾಕು ಬಿಡು ಎಂದೆ. ಅವಳು ಬಿಲ್ಲೆಯ ಕೆಳಗೆ ವಾಷರು ಇಟ್ಟು, ತೆಗೆದು, ಇನ್ನೊಂದು ತೆಳ್ಳನೆಯದು ಇಟ್ಟು, ಗೋಡೆಗೆ ಬಿಟ್ಟು ನೋಡುತ್ತ ಹೋದಳು. ತೂತು ಮುಚ್ಚಿ ಬೆಳಕು ಒಂದೇ ಗುಂಡು ಬಿಲ್ಲೆಯಾಗುವ ತನಕ ಊಟಕ್ಕೆ ಏಳಲಿಲ್ಲ.

ಅದನ್ನು ಊರಲ್ಲಿ ಹಚ್ಚಿದ ಸಂಜೆ ನೋಡಬೇಕಿತ್ತು. ಕಾವಲಿನ ಆಚೆ ತುದಿಯ ಜಾಲಿಗಿಡದಲ್ಲಿ ಕೂತ ಕೊಕ್ಕರೆ ಎದ್ದು ಹಾರಿತು. ನಾಯಿಗಳು ಬೊಗಳಿದವು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಸೆಕ್ಯುರಿಟಿಯವರು ಜೀಪಿನಲ್ಲಿ ಬಂದು, ಗೋಡೆಗೆ ಬೆಳಕು ಬಿಟ್ಟವರು ಯಾರು ಎಂದರು.

"ನಮ್ಮಣ್ಣನ ದನಕ್ಕೆ ಬಿಟ್ಟಿದ್ದು. ನಿಮ್ಮ ಗೋಡೆ ಅಡ್ಡ ಬಂತು, ನಾನೇನ್ ಮಾಡ್ಲಿ?" ಎಂದಳು ದೊಡ್ಡವ್ವ. ಅವರು ಜೀಪು ತಿರುಗಿಸಿದರು.

ಎಲ್ಲರೂ ಹೊಗಳಿದರು. ಮಾವ ಮಾತ್ರ ಬ್ಯಾಟರಿ ಹಿಡಿದು ಸುತ್ತ ತಿರುಗಿಸಿ ನೋಡಿ, "ಸಾಲಲ್ಲ ಕಣೇ ಬೋರಿ. ಹೊಗೆ ಹೊಗೆ ಕಾಣ್ತೈತೆ" ಎಂದ.

ಬೇರೆ ಯಾರಾದರೂ ಆ ಮಾತು ಆಡಿದ್ದರೆ ಊರು ಬಿಡಬೇಕಾಗುತ್ತಿತ್ತು. ಅಣ್ಣ ಎಂದು ನುಂಗಿಕೊಂಡಳು. ಮತ್ತೆ ನನ್ನ ಅಂಗಡಿಗೆ ಬಂದಳು, ಇನ್ನೂ ಜೋರಾದ ಎಲ್‌ಇಡಿ, ಇನ್ನೂ ದಪ್ಪನೆಯ ವಯರು, ಹೊಳಪು ಹೆಚ್ಚಿದ ಹೊಸ ರಿಫ್ಲೆಕ್ಟರು. ಮಾವ ಹಚ್ಚಿ ನೋಡಿದ. "ಮೊದ್ಲಿಂದೇ ವಾಸಿಯಾಗಿತ್ತು" ಎಂದ. ಹೀಗೇ ನಡೆಯಿತು. ಅವಳು ಬೆಳಕು ಏರಿಸುತ್ತ ಹೋದಳು, ಅವನು ಇನ್ನೂ ಕಾಣುವುದಿಲ್ಲ ಎನ್ನುತ್ತ ಹೋದ. ಅವಳು ಮುಖ ಊದಿಸಿಕೊಂಡು ನನ್ನ ಜೀವ ತಿಂದಳು. "ನನ್ನ ಕೆಲಸದಾಗೆ ಹುಳುಕೈತೆ ಅಂತಾನೆ ಕಣ್ಲಾ, ನನ್ನ ಕೆಲಸದಾಗೆ!" ಆ ಬೆಳಕಿಗೆ ನಾನು ಕಣ್ಣು ಬಿಡಲಾರದೆ ಅಂಗೈ ಅಡ್ಡ ಹಿಡಿಯುತ್ತಿದ್ದೆ. ಇದು ಸಾಲದ ಮನುಷ್ಯನಿಗೆ ಸೂರ್ಯನನ್ನೇ ತಂದುಕೊಡಬೇಕು ಎಂದು ನನಗೂ ರೇಗಿತ್ತು.

ಅಷ್ಟರಲ್ಲಿ ಗೂಡಿನಲ್ಲಿ ಒಂದು ಹಸು ಕರು ಹಾಕಿತು. ದೇವರ ಮಂದೆಯಲ್ಲಿ ಕರು ಹುಟ್ಟಿದರೆ ನಮ್ಮ ಹಟ್ಟಿಯಲ್ಲಿ ಒಂದು ಪದ್ಧತಿ. ಕಿಲಾರಿ ಅದರ ಮುಖ ನೋಡಿ, ಮೈ ಬಣ್ಣ ನೋಡಿ, ಅಲ್ಲೇ ಕಿವಿಯಲ್ಲಿ ಹೆಸರು ಹೇಳಬೇಕು. ಒಮ್ಮೆ ಹೇಳಿದ್ದನ್ನು ಯಾರೂ ತಿದ್ದುವ ಹಾಗಿಲ್ಲ. ಹೊತ್ತು ಮುಳುಗಿತ್ತು. ಯತ್ತಪ್ಪಜ್ಜ, ಹಟ್ಟಿಯ ಇನ್ನೂ ಕೆಲವರು ನಿಂತಿದ್ದರು. ಮಾವ ದೊಡ್ಡವ್ವನ ಬ್ಯಾಟರಿಯನ್ನು ಕರುವಿನ ಒದ್ದೆ ಮೈಗೆ ಬಿಟ್ಟು, ಬಗ್ಗಿ, ಗಟ್ಟಿಯಾಗಿಯೇ, "ಬಿಳಿಯ" ಎಂದ.

ಯಾರೂ ಮಾತಾಡಲಿಲ್ಲವಂತೆ.

ಮಾರನೆಯ ಬೆಳಗ್ಗೆ ದೊಡ್ಡವ್ವನ ಜೊತೆ ನಾನೂ ಗೂಡಿಗೆ ಹೋಗಿದ್ದೆ, ಹೊಸ ಸೆಲ್ಲು ಕೊಡುವುದಿತ್ತು. ಮಾವ ನೀರು ಸೇದಲು ಹೋಗಿದ್ದ. ಬೇಲಿಯ ಸಂದಿನಲ್ಲಿ ಕರು ತಲೆ ಹಾಕಿತು. ಮೂಗಿನಿಂದ ಬಾಲದ ತನಕ ರೊಟ್ಟಿಯ ಹಂಚಿನಂಥ ಕಪ್ಪು. ಒಂದು ಬಿಳಿ ಕೂದಲಿಲ್ಲ.

"ಎಷ್ಟ್ ಚೆಂದೈತೆ ಕರಿಯಾ" ಎಂದೆ ನಾನು. ಅಲ್ಲಿದ್ದ ಹಟ್ಟಿಯ ಹುಡುಗ ನನ್ನ ತೋಳು ಹಿಡಿದು, "ಅದು ಬಿಳಿಯ ಕಣಣ್ಣ. ಕಿಲಾರಿ ಬಾಯಲ್ಲಿ ಬಂದೈತೆ, ದೇವರ ಮಾತು ಅಂತ ಯತ್ತಪ್ಪಜ್ಜ ಹೇಳೇತೆ. ಮಾತಾಡಬ್ಯಾಡ" ಎಂದ.

ನನಗೆ ನಗು ಬಂದಿತ್ತು. ದೊಡ್ಡವ್ವನ ಮುಖ ನೋಡಿ ನಗು ಅಲ್ಲೇ ಸತ್ತಿತು. ಬುತ್ತಿಯ ಗಂಟು ನೆಲಕ್ಕಿಟ್ಟು ನಿಂತಳು. ಮಾವ ಬಂದ ಕೂಡಲೇ ಬೇಲಿಯ ಹೊರಗೆ ಕರೆದು, ಗುಡಿಸಲಿನ ನೆರಳಿಗೆ ನಿಲ್ಲಿಸಿ, ಬ್ಯಾಟರಿ ತೆಗೆದುಕೊಂಡು, ಗಾಜಿನ ಮೇಲೆ ಬೆರಳು ಅಡ್ಡ ಹಿಡಿದು ಬೆಳಕು ತಗ್ಗಿಸಿ ಅವನ ಕಣ್ಣಿಗೆ ಓರೆಯಾಗಿ ಬಿಟ್ಟಳು.

"ಏಮೇ, ಏನ್ ಮಾಡ್ತೀಯೇ?" ಎಂದ ಮಾವ. ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತದೆ.

"ಸುಮ್ಕಿರು ಅಣ್ಣಯ್ಯ."

ಎರಡೂ ಕಣ್ಣಿನ ಕಪ್ಪು ಗುಡ್ಡೆಯ ನಡುವೆ ಹಾಲಿನ ಕೆನೆ ಕಟ್ಟಿದಂತೆ ಬೆಳ್ಳನೆಯ ಪೊರೆ. ನಾನೂ ಕಂಡೆ. ಇಷ್ಟು ದಿನ ಆ ಬೆಳಕನ್ನು ಗುಡ್ಡಕ್ಕೆ, ಗೋಡೆಗೆ, ಗಿಡಕ್ಕೆ ಬಿಟ್ಟು ನೋಡಿದ್ದೆವು, ಅವನ ಮುಖಕ್ಕೆ ಬಿಟ್ಟು ನೋಡಿರಲಿಲ್ಲ. ಪೊರೆ ಬಂದ ಕಣ್ಣಿಗೆ ಬೆಳಕು ಜೋರಾದಷ್ಟೂ ಮಬ್ಬು ಜಾಸ್ತಿ, ಒದ್ದೆ ಕಪ್ಪು ಮೈ ಹೊಳೆದರೆ ಬೆಳ್ಳಗೇ ಕಾಣುತ್ತದೆ, ಹಗಲಿನ ಬಿಸಿಲಲ್ಲೂ ಬಣ್ಣ ತಿಳಿಯುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ದೊಡ್ಡವ್ವನಿಗೆ ಡಾಕ್ಟರು ಹೇಳುವುದು ಬೇಕಾಗಿರಲಿಲ್ಲ. ಅವಳು ಆ ಕ್ಷಣದಲ್ಲೇ ನನ್ನ ಕಡೆ ತಿರುಗಿ, "ನನ್ನ ಬ್ಯಾಟರಿ ನೆಟ್ಟಗೈತೆ ಕಣ್ಲಾ. ಇವನ ಮುಂದಿನ ಗ್ಲಾಸು ಮಸುಕಾಗೈತೆ. ಅದನ್ನ ಬದಲಾಯಿಸ್ಬೇಕು" ಎಂದಳು.

ಮಾವ ಸುತರಾಂ ಒಪ್ಪಲಿಲ್ಲ. ಆಪರೇಷನ್ ಅಂದರೆ ಹೆದರಿಕೆಯೇನಲ್ಲ. ನಮ್ಮ ಹಟ್ಟಿಯ ಕಿಲಾರಿ ಗೂಡು ಬಿಟ್ಟು ಹೊರಗೆ ಮಲಗಿದರೆ ಕೋಲು ಕೆಳಗಿಟ್ಟ ಹಾಗೆ. ಆಪರೇಷನ್ ಆದ ಮೇಲೆ ಧೂಳಿಗೆ ಹೋಗಬಾರದು, ಮನೆಯಲ್ಲೇ ಇರಬೇಕು. "ಕಣ್ಣು ಬಂದು ಕೋಲು ಹೋದ್ರೆ ಆ ಕಣ್ಣಾಗೆ ನಾನು ಏನ್ ನೋಡ್ಲೇ?" ಎಂದ.

ದೊಡ್ಡವ್ವ ಅವನ ಜೊತೆ ವಾದ ಮಾಡಲಿಲ್ಲ. ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿಂದ ಹಟ್ಟಿಗೆ ನಡೆದು, ಯತ್ತಪ್ಪಜ್ಜನ ಕಟ್ಟೆಯ ಮುಂದೆ ನಿಂತಳು. ನಾನು ಹಿಂದೆ ನಿಂತಿದ್ದೆ.

"ಯತ್ತಣ್ಣ, ಕರೇ ಕರೂಗೆ ಬಿಳಿಯ ಅಂದಾಗ ನಿಂಗೂ ಗೊತ್ತಾಗ್ಲಿಲ್ವಾ?"

ಮುದುಕ ಕಟ್ಟೆಯಿಂದ ಇಳಿದು ಬಂದ. "ಗೊತ್ತಾಯ್ತು ಕಣವ್ವ. ಬಾಯಿ ಬರ್ಲಿಲ್ಲ. ಹೇಳಿದ್ರೆ ಅವತ್ತೇ ಕೋಲು ತಗಬೇಕಾಗ್ತಿತ್ತು. ದೇವರ ಮಾತು ಅಂತ ಹೇಳಿ ಮುಚ್ಚಿಬಿಟ್ಟೆ."

ಆ ಮಾತಿಗೆ ದೊಡ್ಡವ್ವ ಸ್ವಲ್ಪ ಮೆತ್ತಗಾದಳು. ಆದರೆ ಬಿಡಲಿಲ್ಲ. ಕೋಲು ನಿನ್ನ ಹತ್ತಿರವೇ ಇರಲಿ, ಹಟ್ಟಿಯ ಹುಡುಗರು ಮಂದೆ ಕಾಯಲಿ, ನಮ್ಮಣ್ಣ ವಾಪಸು ಬಂದ ಮೇಲೆ ತೀರ್ಮಾನ ಮಾಡು ಎಂದಳು. ಯತ್ತಪ್ಪಜ್ಜ ಯೋಚಿಸಿ ಷರತ್ತು ಹಾಕಿದ. ಉಗಾದಿ ಕಳೆದ ಮೇಲೆ ಒಂದು ಸಂಜೆ, ಹೊತ್ತು ಮುಳುಗಿದ ಮೇಲೆ, ಬ್ಯಾಟರಿ ಹಚ್ಚದೆ, ಗೂಡಿನ ಬಾಗಿಲಲ್ಲಿ ನಿಂತು ಬರುವ ದನಗಳನ್ನೆಲ್ಲ ಗುರುತು ಹಿಡಿಯಬೇಕು. ಯಾರೂ ಬಾಯಿ ಬಿಡಬಾರದು. ಒಂದು ತಪ್ಪಿದರೂ ಕೋಲು ಬೇರೆಯವರಿಗೆ.

"ಆಗ್ಲಿ" ಎಂದಳು ದೊಡ್ಡವ್ವ, ಅಣ್ಣನನ್ನು ಒಂದು ಮಾತೂ ಕೇಳದೆ. ಹೊರಡುವ ಮೊದಲು, "ಕರೂ ಬಣ್ಣದ ಸುದ್ದಿ ಮಾತ್ರ ಅವನ ಕಿವೀಗೆ ಬೀಳಬಾರದು. ಮನಸ್ಸಿಗೆ ಹಚ್ಕಂತಾನೆ" ಎಂದು ಎಲ್ಲರಿಂದ ಮಾತು ತಗೊಂಡಳು.

ಕೋಲು ಅಜ್ಜನ ಹತ್ತಿರ ಕಾದಿರುತ್ತದೆ ಎಂದು ತಿಳಿದ ಮೇಲೆ ಮಾವ ಒಪ್ಪಿದ, ಚಿತ್ರದುರ್ಗದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಆಮೇಲೆ ಮಾವ ತಂಗಿಯ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತ. ದೊಡ್ಡವ್ವ ಹೊತ್ತು ಹೊತ್ತಿಗೆ ಕಣ್ಣಿಗೆ ಡ್ರಾಪ್ಸು ಬಿಟ್ಟಳು, ಹೊರಗೆ ಇಣುಕಿದರೆ ಬೈದಳು. ಗೂಡಿನ ಹತ್ತಿರ ಹುಡುಗರು ಅವಳ ಬ್ಯಾಟರಿ ಹಿಡಿದು ಕಾಯುತ್ತಿದ್ದರು. ಕಾವಲಿನ ಆ ತುದಿಯಲ್ಲಿ ತೋಳದ ಕಣ್ಣು ಮಿನುಗಿದರೂ ಇಲ್ಲಿಂದ ಕಾಣುತ್ತದೆ ಎಂದು ಅವರು ಹೇಳಿದಾಗ ದೊಡ್ಡವ್ವ, "ಕಾಣ್ದೆ ಇನ್ನೇನು" ಎಂದಷ್ಟೇ ಹೇಳಿದಳು. ಸುತ್ತಮುತ್ತಲ ಊರಿನವರು ಹಳೆಯ ಬ್ಯಾಟರಿ ಹಿಡಿದು ಅವಳ ಮನೆ ಬಾಗಿಲಿಗೆ ಬರತೊಡಗಿದ್ದರು. ಈ ಗಲಾಟೆಯಲ್ಲಿ ನನ್ನ ಅಂಗಡಿಯ ಸೆಲ್ಲೆಲ್ಲ ಖಾಲಿ.

ಆ ಸಂಜೆ ಬಂತು. ಯತ್ತಪ್ಪಜ್ಜ ಮತ್ತು ಹಟ್ಟಿಯ ಹಿರಿಯರು ಗೂಡಿನ ಬಾಗಿಲ ಬದಿಯ ಬಂಡೆಯ ಮೇಲೆ ಕೂತಿದ್ದರು, ಕೋಲು ಅಜ್ಜನ ತೊಡೆಯ ಮೇಲಿತ್ತು. ದೊಡ್ಡವ್ವ ಬೇಲಿಯ ಹೊರಗೆ. ಮಾವ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಬಾಗಿಲಲ್ಲಿ ನಿಂತ. ಪಡುವಣದಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ಧೂಳಿನಲ್ಲಿ ಮಂದೆ ಬಂತು.

"ಮುಂದೆ ಗೌರಿ. ಅದರ ಪಕ್ಕ ಕೆಂದ. ಕೊಂಬು ಮುರಕ. ಅದರ ಹಿಂದೆ ಸಣ್ಣ ಗೌರಿ, ಈ ಸಲ ಗಬ್ಬಾಗೈತೆ." ಒಂದೊಂದನ್ನೂ ಹೇಳುತ್ತ ಹೋದ, ಒಂದೂ ತಪ್ಪಲಿಲ್ಲ. ಅವನ ದನಿ ಏರುತ್ತಿತ್ತು, ನಮ್ಮ ಉಸಿರೂ. ಕೊನೆಗೆ, ಎಲ್ಲ ಹಾದು ಹೋದ ಮೇಲೆ, ಕುಣಿಯುತ್ತ ಆ ಕರು ಬಂತು.

ಮಾವ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದ.

"ಇದ್ಯಾವುದು?" ಎಂದ.

"ನೀನೇ ಹೇಳ್ಬೇಕಪ್ಪಾ" ಎಂದ ಯತ್ತಪ್ಪಜ್ಜ.

"ಇದು ನಮ್ಮ ಮಂದೇದಲ್ಲ. ನಮ್ಮಾಗೆ ಕರೇ ಕರು ಹುಟ್ಟೇ ಇಲ್ಲ."

ಆ ಸುದ್ದಿ ಮುಚ್ಚಿಟ್ಟವರು ನಾವೇ. ದೊಡ್ಡವ್ವ ಬೇಲಿಯ ಮುಳ್ಳು ಹಿಡಿದು ನಿಂತಿದ್ದಳು, ಬಾಯಿ ಬಿಡುವಂತಿರಲಿಲ್ಲ. ಜೀವಮಾನದಲ್ಲಿ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಕಂಡಿಲ್ಲ.

ಕರುವಿಗೆ ಯಾವ ಷರತ್ತೂ ಗೊತ್ತಿರಲಿಲ್ಲ. ನೇರ ಬಂದು ಮಾವನ ಅಂಗೈಯೊಳಗೆ ಮೂತಿ ಇಟ್ಟಿತು. ಮಾವನ ಕೈ ತಾನಾಗಿಯೇ ಅದರ ಕಿವಿಯ ಹಿಂದೆ ಹೋಗಿ ಕೆರೆಯಿತು, ಕೊರಳು ಸವರಿತು, ಅಲ್ಲೇ ನಿಂತಿತು. ಅವನು ಮೊಣಕಾಲೂರಿ ಕೂತ.

"ಬಿಳಿಯಾ?" ಎಂದ, ತೀರಾ ಮೆಲ್ಲಗೆ.

ಕರು ಅವನ ಕೆನ್ನೆ ನೆಕ್ಕಿತು.

ಮಾವ ಕರುವನ್ನು ನೋಡಿದ. ಆಮೇಲೆ ತಲೆಯೆತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಹಿರಿಯರು ಮುಖ ತಿರುಗಿಸಿದರು. ನಾನು ತಲೆ ತಗ್ಗಿಸಿದೆ. ಅವನು ಎದ್ದು, ಪಂಚೆಯ ಧೂಳು ಕೊಡವಿ, ಯತ್ತಪ್ಪಜ್ಜನ ಮುಂದೆ ಹೋಗಿ ಕೈ ಚಾಚಿದ.

"ಕೋಲು ಕೊಡು ಯತ್ತಣ್ಣ. ಕರೇ ಕರೂಗೆ ಬಿಳಿಯ ಅಂದೋನ ಕೈಯಾಗೆ ಇಷ್ಟು ದಿನ ಬಿಟ್ಟಿದ್ರಿ. ಕರೇದು ಕರೇದಾಗಿ ಕಂಡ ಮ್ಯಾಲೆ ಕಿತ್ಕಂತೀರಾ?"

ಯತ್ತಪ್ಪಜ್ಜ ಎದ್ದು ನಿಂತು ಎರಡೂ ಕೈಯಿಂದ ಕೋಲು ಕೊಟ್ಟ. ಬೇಲಿಯ ಹೊರಗೆ ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದನಿ ತೆಗೆದು ಅಳುತ್ತಿದ್ದಳು. ಮಾವ ಕರುವಿನ ಕೊರಳ ಮೇಲೆ ಕೈ ಹಾಕಿ, "ನಡಿ ಬಿಳಿಯಾ" ಎನ್ನುತ್ತ ಗೂಡಿನೊಳಗೆ ಹೋದ.